ಬೇಯಿಸಿದ ಮೌತ್‌ಗಾರ್ಡ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಾನು ಮಗಳ ಮೌತ್‌ಗಾರ್ಡ್ ಬೇಯಿಸಿಬಿಟ್ಟೆ. ನಗುವವರು ಪೂರ್ತಿ ಓದಿ ಆಮೇಲೆ ನಗಿ.

ಹನ್ನೊಂದು ವರ್ಷದ ಅನಘಾ ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ, ಆಡುತ್ತಾಳೆ. ಆಡುವಾಗ ಹಲ್ಲಿಗೆ ಕಚ್ಚಿಕೊಳ್ಳುವ ಆ ಪ್ಲಾಸ್ಟಿಕ್ ತುಂಡು ಊಟದ ಮೇಜಿನ ಮೇಲೆ, ಚಪಾತಿ ಡಬ್ಬಿಗೆ ಒರಗಿಕೊಂಡು ಕೂತಿತ್ತು. ಎಂಜಲು! ನನಗೆ ಮೈಯೆಲ್ಲ ಉರಿಯಿತು. ಎತ್ತಿ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟೆ.

ಇಲ್ಲಿ ಅಮೆರಿಕದಲ್ಲಿ, ನಾವಿರುವ ಸಮಾಮಿಶ್‌ನಿಂದ ಮುಕ್ಕಾಲು ಗಂಟೆ ಡ್ರೈವ್ ಮಾಡಿ ಆಟದ ರಿಂಕ್ ತಲುಪಿದ ಮೇಲೆ ಬಾಯಿಗಿಟ್ಟರೆ ಅದು ಕೂರುತ್ತಲೇ ಇಲ್ಲ. ಅವಳ ಹಲ್ಲಿನ ಅಚ್ಚೆಲ್ಲ ಅಳಿಸಿಹೋಗಿತ್ತು.

"ಇದಿಲ್ಲದೆ ಐಸ್ ಮೇಲೆ ಬಿಡಲ್ಲ," ಎಂದರು ಕೋಚ್.

"ಹೆಲ್ಮೆಟ್ ಇದೆಯಲ್ಲ? ತಲೆಗೇನೂ ಆಗಲ್ಲ ತಾನೇ?" ಎಂದು ವಾದಕ್ಕಿಳಿದೆ.

ಕೋಚ್ ತಾಳ್ಮೆಯಿಂದ ಇಂಗ್ಲಿಷಿನಲ್ಲಿ ವಿವರಿಸಿದರು. ಗಾರ್ಡ್ ಇರುವುದು ಹಲ್ಲು ಉಳಿಸಲು. ಕನ್ಕಷನ್, ಅಂದರೆ ಮಿದುಳಿಗೆ ಆಗುವ ಪೆಟ್ಟು, ಹೆಲ್ಮೆಟ್ ಹಾಕಿದರೂ ಆಗಬಹುದು. ಬಿದ್ದ ಮಗು ಮಂಕಾದರೆ, ವಿಚಿತ್ರವಾಗಿ ಏನಾದರೂ ಮಾಡಿದರೆ, ತಕ್ಷಣ ಆಟ ನಿಲ್ಲಿಸಿ, ಕಣ್ಣು ನೋಡಿ, ಪರೀಕ್ಷೆ ಮಾಡಿಸಬೇಕು.

ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದ ಮಗಳು ಆಗ ಬಾಯಿಬಿಟ್ಟಳು: "ಕೋಚ್, ಮೈ ಮಾಮ್ ಕುಕ್ಡ್ ಮೈ ಮೌತ್‌ಗಾರ್ಡ್. ಚೆಕ್ ಹರ್ ಫಸ್ಟ್."

ಸುತ್ತಲಿದ್ದ ಅಪ್ಪ ಅಮ್ಮಂದಿರೆಲ್ಲ ನಕ್ಕರು. ಯಾಕೆ ಬೇಯಿಸಿದೆ ಅಂತ ಹೇಳಿ, ನನ್ನ ತಲೆ ನೆಟ್ಟಗಿದೆ ಎಂದು ತೋರಿಸಲು ನನಗೆ ಒಂದೇ ಒಂದು ಪದ ಬೇಕಿತ್ತು, ಅದು ಸಿಗಲಿಲ್ಲ.

ರಿಂಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಎಂಜಲಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಗೊತ್ತಿದ್ದವರು ಬೇಗ ಕಾಮೆಂಟ್ ಹಾಕಿ. ಕೋಚ್ ಇನ್ನೂ ನನ್ನ ಕಣ್ಣನ್ನೇ ನೋಡುತ್ತಿದ್ದಾರೆ.