ಆರು ಗೇಣಿನ ಬಾವಿ

ಹುಸೇನಸಾಬ ಕಾಕಾನ ಬಗ್ಗೆ ಬರೆಯುವ ಹಕ್ಕು ನನಗಿಲ್ಲ. ಹಕ್ಕಿದ್ದವರು ಬರೆಯಲಿಲ್ಲ, ಅವರಿಗೆ ಬಿಡುವಾಗಲಿಲ್ಲ. ಹೀಗಾಗಿ ಆ ಕೆಲಸ, ತಪ್ಪು ಮಾಡಿದವನ ಪಾಲಿಗೆ ಬಂದಿದೆ. ಮೊದಲೇ ಹೇಳಿಬಿಡುತ್ತೇನೆ: ಆ ಮನುಷ್ಯ ಹನ್ನೊಂದು ವರ್ಷ ಕಾಪಾಡಿಕೊಂಡ ಮರ್ಯಾದೆಯನ್ನು ಒಂದು ಕ್ಯಾಸೆಟ್ಟಿನ ಆಸೆಗೆ ಬಿದ್ದು ಹಾಳು ಮಾಡಿದವನು ನಾನು, ಕಂಡಕ್ಟರ್ ಬಸವಂತರಾಯ. ಇದನ್ನು ಓದಿ ಯಾರಾದರೂ ಬೈದರೆ ನನಗೆ ಬೇಸರವಿಲ್ಲ, ಬೈಯದಿದ್ದರೆ ಇದೆ.

ಕಾಕಾ ಮಾದನಹಿಪ್ಪರಗಾದ ಗೌಂಡಿ. ಗೋಡೆ ಕಟ್ಟುವ ಗೌಂಡಿಗಳು ಊರಿಗೆ ಹತ್ತು ಜನ ಸಿಗುತ್ತಾರೆ. ಕಾಕಾ ಬಾವಿಯೊಳಗೆ ಇಳಿದು, ತಳದಿಂದ ಮೇಲಕ್ಕೆ ಸುತ್ತಲೂ ಕಲ್ಲು ಕಟ್ಟುತ್ತ ಬರುವವರು. ಗಿಡ್ಡ ಆಳು, ಎಡ ಭುಜ ಒಂದಿಷ್ಟು ಕೆಳಗೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಕಲ್ಲಿನ ಪುಡಿ. ಓದು ಬರಹ ಇಲ್ಲ, ಎಲ್ಲದಕ್ಕೂ ಹೆಬ್ಬೆಟ್ಟು. ಬಾವಿಗೆ ಇಳಿದೊಡನೆ ಮೊದಲು ಒಂದು ನುಡಿ ಹಾಡಿ ನೋಡುತ್ತಿದ್ದರು. ದನಿ ಹೆಂಗೆ ತಿರುಗಿ ಬರುತ್ತದೆ ಎಂಬುದರ ಮೇಲೆ ಮಣ್ಣು ಗಟ್ಟಿಯೋ ಸಡಿಲೋ ಗೊತ್ತಾಗುತ್ತದೆ ಅನ್ನುತ್ತಿದ್ದರು. ಅದು ಖರೇನೋ ಸುಳ್ಳೋ, ಅವರು ಕಟ್ಟಿದ ಬಾವಿ ಒಂದೂ ಕುಸಿದಿಲ್ಲ.

ಮೊಹರಂ ಬಂತೆಂದರೆ ಅದೇ ಕಾಕಾ, ಹಬ್ಬದಲ್ಲಿ ಹಾಡುವ ರಿವಾಯತ ಪದದ ಮೇಳದ ಮುಂದಾಳು. ನಮ್ಮ ಕಡೆ ಮೊಹರಂ ಕೆಂಡದ ಕುಣಿಯ ಸುತ್ತಲಿನ ಅಲಾಯಿ ಕಟ್ಟೆಯ ಮುಂದೆ ಒಂದು ಮೇಳ ಪದದಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಪದದಲ್ಲೇ ಜವಾಬು ಕಟ್ಟಬೇಕು. ಸವಾಲಿಗೆ ಜವಾಬು ಸಿಗದಿದ್ದರೆ ಮುಂದೆ ಸವಾಲು ಹಾಕಿದ ಮೇಳ ಹೋದ ಊರಲ್ಲೆಲ್ಲ ಮೊದಲ ಹಾಡು ಅದರದೇ. ಸಿಕ್ಕರೆ, ಸವಾಲು ಹಾಕಿದವನೇ ಕಟ್ಟೆಯ ಮೇಲೆ ಕೈಯಿಟ್ಟು ‘ಹೌದು’ ಅನ್ನಬೇಕು, ತನ್ನ ರುಮಾಲು ಬಿಚ್ಚಿ ಗೆದ್ದವನ ತಲೆಗೆ ಸುತ್ತಬೇಕು. ಎಪ್ಪತ್ತಾರರಲ್ಲಿ ಕಾಕಾ ಹಾಕಿದ ಸವಾಲಿನ ಮೊದಲ ನುಡಿ ಇದು:

ಹುಟ್ಟಲಾರದಕ ಹೆಸರಿಟ್ಟವರ್ಯಾರೊ
ಸಾಯಲಾರದಕ ಅತ್ತವರ್ಯಾರೊ

ಭೀಮಾ ನದಿಯ ಈಚೆಯವರು, ಆಚೆಯವರು, ಶಾಸ್ತ್ರ ಓದಿದವರು, ಎಲ್ಲರೂ ತಲೆ ಕೆಡಿಸಿಕೊಂಡರು. ದೇವರು ಅಂದರು, ನೆರಳು ಅಂದರು, ಗಾಳಿ ಅಂದರು. ಕಾಕಾ ಪ್ರತಿ ಸಲ ತಲೆಯಾಡಿಸಿ ಬೀಡಿ ಹಚ್ಚಿಕೊಳ್ಳುತ್ತಿದ್ದರು. ವರ್ಷವೆಲ್ಲ ಮಣ್ಣಲ್ಲಿ ಹೂತುಕೊಂಡು ದುಡಿಯುವ ಮನುಷ್ಯನಿಗೆ ಹತ್ತು ದಿನ ಗೌಡರೂ ಎದ್ದು ಜಾಗ ಬಿಡುತ್ತಿದ್ದರು. ಅವರ ಹತ್ತಿರ ಇದ್ದ ಆಸ್ತಿ ಅಂದರೆ ಅಷ್ಟೇ.

ಇನ್ನು ನನ್ನ ಕಥೆ. ಆಳಂದ, ಅಫಜಲಪುರ, ಜೇವರ್ಗಿ ಲೈನಿನಲ್ಲಿ ನನ್ನ ಡ್ಯೂಟಿ. ಈ ಪದಗಳ ಹುಚ್ಚು ಹಿಡಿದವರು ಆ ದಾರಿಯಲ್ಲಿ ಹತ್ತು ಹನ್ನೆರಡು ಜನ ಇದ್ದೆವು. ನರೋಣಾದಲ್ಲಿ ಒಬ್ಬ ಮಾಸ್ತರ, ಅಫಜಲಪುರದಲ್ಲಿ ಪಾನ ಅಂಗಡಿಯವನು, ಜೇವರ್ಗಿಯಲ್ಲಿ ಗಡಿಯಾರ ರಿಪೇರಿ ಮಾಡುವ ಚಾಂದಪಾಶಾ. ಈ ಪದಗಳನ್ನು ಯಾವ ಕಂಪನಿಯೂ ಕ್ಯಾಸೆಟ್ ಮಾಡುತ್ತಿರಲಿಲ್ಲ. ಯಾರೋ ಮದುವೆಗೆ ತಂದ ಟೇಪಿನಲ್ಲಿ ತುಂಬಿಕೊಂಡದ್ದು, ಮುಂಬೈಗೆ ದುಡಿಯಲು ಹೋದವರು ಶೆಡ್ಡಿನಲ್ಲಿ ಹಾಡಿದ್ದು, ಸತ್ತವರ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಹೀಗೆ. ನಾವು ಅವನ್ನು ಹುಡುಕಿ, ಕಾಪಿ ಮಾಡಿ, ನನ್ನ ಬಸ್ಸಿನಲ್ಲಿ ಊರಿಂದ ಊರಿಗೆ ಕಳಿಸುತ್ತಿದ್ದೆವು. ನಮ್ಮಲ್ಲಿ ಒಂದೇ ಕಾನೂನು: ಯಾರ ಹತ್ತಿರವೂ ಇಲ್ಲದ್ದು ಬೇಕಾದರೆ ಯಾರ ಹತ್ತಿರವೂ ಇಲ್ಲದ್ದನ್ನೇ ಕೊಡಬೇಕು. ನನಗೊಂದು ಚಟವೂ ಇತ್ತು. ನಾನು ತುಂಬಿಕೊಂಡ ಪ್ರತಿ ಕ್ಯಾಸೆಟ್ಟಿನ ಶುರುವಿಗೆ ಗಂಟಲು ಸರಿಮಾಡಿಕೊಂಡು, ‘ಈ ಪದಾ ಟೇಪ್ ಮಾಡಿದವರು ಬಸವಂತರಾಯ, ಕಂಡಕ್ಟರ್’ ಎಂದು ದೊಡ್ಡ ಕಲಾವಿದನ ಹಾಗೆ ಹೇಳುತ್ತಿದ್ದೆ. ಹಾಡಿದವರ ಹೆಸರು ಆಮೇಲೆ ಬರುತ್ತಿತ್ತು.

ಎಂಬತ್ತಾರರ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಬಸ್ಸು ಮಾದನಹಿಪ್ಪರಗಾದಲ್ಲಿ ನಿಂತಾಗ ಕಾಕಾ ತಾವೇ ಬಂದು ಕಿಟಕಿಯ ಹತ್ತಿರ ನಿಂತರು. ಕಲ್ಲಿನ ಧೂಳು ಕುಡಿದು ಕುಡಿದು ಕೆಮ್ಮು ಎದೆಗೆ ಇಳಿದಿತ್ತು.

“ತಮ್ಮಾ, ಒಂದ್ ಕೆಲಸ ಅದ. ಸವಾಲಿನ ಜವಾಬು ಎಂಟ್ ನುಡಿ ಅದ. ಮೊನ್ನೆ ಐದನೇದು ಮರ್ತೇ ಬಿಟ್ಟಿದ್ದೆ, ಕರೀಮುನ್ನಿಸಾ ನೆನಪ ಮಾಡಿಕೊಟ್ಲು. ನಾನ ಮರ್ತ್ರ ನನ್ನ ಸವಾಲು ಸುಳ್ಳಾಗ್ತದ. ನೀ ಟೇಪಿನಾಗ ಇಟ್ಟಬಿಡು.”

ಜವಾಬು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಗಂಡ ಹೆಂಡತಿ. ಮೂರನೆಯವನಾಗಿ ನನ್ನನ್ನು ಆರಿಸಿದ್ದರು. ಮುಂದಿನ ವಾರದ ರಜೆಯಲ್ಲಿ ಅವರ ಮನೆಗೆ ಹೋದೆ. ಕಾಕಾ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಹಾಡಿದರು. ಜವಾಬು ಬಾವಿ! ನೀರು ಬೀಳುವುದಕ್ಕೆ ಮುಂಚೆಯೇ ಬಾವಿಗೆ ಹೆಸರಿಡುತ್ತಾರೆ. ಬತ್ತಿದ ಬಾವಿ ಸತ್ತಿರುವುದಿಲ್ಲ, ಆದರೂ ಊರು ಅಳುತ್ತದೆ. ಬಾವಿ ಕಟ್ಟುವವನೇ ಕೇಳಿದ ಸವಾಲಿಗೆ ಬಾವಿ ಎಂದು ಹತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಎಂಟನೇ ನುಡಿ ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕಾಕಾ ಕಣ್ಣು ತೆರೆದು ನಕ್ಕರು.

“ನಾಲ್ಕನೇ ನುಡ್ಯಾಗ ಆರು ಮೊಳದ ಬಾವಿ ಅನ್ನೋದು ಆರು ಗೇಣು ಅಂದೆ ನೋಡು. ಆರು ಗೇಣಿನ ಬಾವ್ಯಾಗ ಮೂರು ಮಂದಿ ಹ್ಯಾಂಗ ಇಳೀತಾರ? ಬೆಕ್ಕೂ ಇಳಿಯಂಗಿಲ್ಲ.”

“ಕರೆಂಟ್ ಬಂದಮ್ಯಾಲ ಮತ್ತ ತುಂಬೋಣೇನ್ರಿ ಕಾಕಾ?”

“ಇರ್ಲಿ ಬಿಡು, ನನಗ ಗೊತ್ತದಲ್ಲ. ಆದ್ರ ಇದು ನಿನ್ನ ಕಡೀಗೇ ಇರಬೇಕು.”

“ನನ್ನ ಕಡೀಗೇ ಇರ್ತದ್ರಿ” ಅಂದೆ. ಆಗ ಅದು ಖರೇ ಮಾತಾಗಿತ್ತು.

ಮೂರು ತಿಂಗಳೂ ಆಗಲಿಲ್ಲ. ಚಾಂದಪಾಶಾನಿಗೆ ಒಂದು ಕ್ಯಾಸೆಟ್ ಸಿಕ್ಕಿತು. ಎಪ್ಪತ್ತೊಂಬತ್ತರಲ್ಲಿ ತೀರಿಹೋಗಿದ್ದ ಚಮನಸಾಬ ಎಂಬ ಹಾಡುಗಾರನದು. ಅವನ ದನಿಯ ಬಗ್ಗೆ ಹಿರಿಯರ ಬಾಯಲ್ಲಿ ಕೇಳಿದ್ದೆವೇ ಹೊರತು ಯಾರ ಹತ್ತಿರವೂ ಒಂದು ಚೂರು ರೀಲು ಇರಲಿಲ್ಲ. ನಾನು ನನ್ನಲ್ಲಿದ್ದ ಐದು ಕ್ಯಾಸೆಟ್ ಅವನ ಅಂಗಡಿಯ ಗಾಜಿನ ಮೇಲೆ ಇಟ್ಟೆ. ಅವನು ಭೂತಗನ್ನಡಿ ಕಣ್ಣಿಗಿಟ್ಟುಕೊಂಡೇ ತಲೆಯಾಡಿಸಿದ. ಮುಂದಿನ ವಾರ ಇನ್ನು ಮೂರು. ಅದೂ ಬೇಡ. ಹದಿನೈದು ದಿನ ಟಿಕೆಟ್ ಹರಿಯುವಾಗಲೂ ಅದೇ ಧ್ಯಾನ, ಜೇವರ್ಗಿಗೆ ಹೋಗುವವನಿಗೆ ನರೋಣಾದ ಟಿಕೆಟ್ ಕೊಟ್ಟು ಬೈಸಿಕೊಂಡೆ. ಕೊನೆಗೊಂದು ದಿನ ಕಾಕಾನ ಕ್ಯಾಸೆಟ್ಟಿನ ಕಾಪಿಯನ್ನು ಜೇಬಿನಿಂದ ತೆಗೆದು, “ಇದು ಮಾತ್ರ ಯಾರಿಗೂ ಕೊಡಬ್ಯಾಡ ಮಾರಾಯಾ” ಅಂದೆ. ಅವನು ಕಣ್ಣಿಗೆ ಕೈಯೊತ್ತಿಕೊಂಡು ಆಣೆ ಮಾಡಿದ. ನನಗೆ ಆಗ ನಾಚಿಕೆ ಆಗಲಿಲ್ಲ ಎಂಬುದೇ ಈಗ ನನ್ನನ್ನು ಹೆಚ್ಚು ಸುಡುತ್ತದೆ.

ಎಂಬತ್ತೇಳರ ಮೊಹರಂ. ನರೋಣಾದ ಅಲಾಯಿ ಕಟ್ಟೆಯ ಮುಂದೆ ಕಡೆಯ ದಿನದ ಮಧ್ಯಾಹ್ನ, ನದಿಯಾಚೆಯ ಅಣ್ಣಾರಾಯನ ಮೇಳ ಮುಂದೆ ಬಂತು. ಅಣ್ಣಾರಾಯ ಎತ್ತರದ ಆಳು, ಒಳ್ಳೆಯ ಕಂಠ, ಯಾವತ್ತೂ ಸವಾಲಿನ ಗೊಡವೆಗೆ ಹೋದವನಲ್ಲ. ಅವತ್ತು ಹೆಜ್ಜೆ ಹಾಕುತ್ತ ನೇರ ಕಾಕಾನ ಎದುರಿಗೆ ನಿಂತು, ಬಾವಿಯ ಹೆಸರೆತ್ತಿದ. ಜನ ಹೋ ಅಂದರು. ನಾನು ಗುಂಪಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ಒಂದು ಆಸೆ ಉಳಿದಿತ್ತು, ಅವನಿಗೆ ತಾನೇ ಹೊಳೆದಿರಬಹುದು ಎಂದು. ನಾಲ್ಕನೇ ನುಡಿ ಬಂತು.

ಆರು ಗೇಣಿನ ಬಾವಿಯೊಳಗ ಮೂರು ಮಂದಿ ಇಳದಾರೊ

ಕಾಕಾ ತಲೆ ಎತ್ತಿದರು. ಅಣ್ಣಾರಾಯನ ಮೇಳದವನೊಬ್ಬ ಬಗಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತಿದ್ದ. ಕಾಕಾ ಅದನ್ನು ನೋಡಿದರು, ಆಮೇಲೆ ಗುಂಪಿನಲ್ಲಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ ಅದು. ಸಿಟ್ಟಾಗಿದ್ದರೆ ಎಷ್ಟು ಚಲೋ ಇತ್ತು!

ನುಡಿ ತಪ್ಪಿದೆ ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಒಂದು ನುಡಿ ತಪ್ಪಿದರೆ ಜವಾಬು ಬಿದ್ದಂತೆ, ಅದೂ ನಮ್ಮ ಮೇಳಗಳ ಕಟ್ಟಳೆಯೇ. ನಾನು ನಿಂತಲ್ಲೇ ‘ಹೇಳ್ರಿ ಕಾಕಾ, ಹೇಳ್ರಿ’ ಅಂತ ಒಳಗೊಳಗೇ ಒದ್ದಾಡಿದೆ. ನಾನಾದರೂ ಕೂಗಬಹುದಿತ್ತು. ಕೂಗಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೈಯಿಟ್ಟು “ಹೌದು” ಅಂದರು. ರುಮಾಲು ಬಿಚ್ಚಿದರು. ಅಣ್ಣಾರಾಯ ಎತ್ತರದವನಾದ್ದರಿಂದ ಅವನು ಬಗ್ಗಬೇಕಾಯಿತು, ಇವರು ತುದಿಗಾಲಲ್ಲಿ ನಿಂತು ಸುತ್ತಬೇಕಾಯಿತು. ಅವರ ನೆತ್ತಿ ಬೋಳಾಗಿತ್ತು ಎಂದು ನಾನು ನೋಡಿದ್ದು ಅವತ್ತೇ ಮೊದಲು.

ಮರುದಿನ ಜೇವರ್ಗಿಗೆ ಹೋಗಿ ಚಾಂದಪಾಶಾನ ಕೊರಳಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲೂ ಇಲ್ಲ.

“ಹೊಳಿ ಆಚೆದವರ ಕಡೆ ಒಂದ್ ಕ್ಯಾಸೆಟ್ ಇತ್ರಿ, ಬ್ಯಾರೆ ಏನ್ ಕೊಟ್ರೂ ಬಿಡ್ಲಿಲ್ಲ. ಯಾರಿಗೂ ಕೊಡಬ್ಯಾಡ ಅಂದು ನೀವ್ ನನಗೊಬ್ಬಗ ಕೊಟ್ರಿ. ನಾನೂ ಒಬ್ಬರಿಗೇ ಕೊಟ್ಟೇನಿ.”

ಕೈ ಬಿಟ್ಟೆ. ಅವನಂದದ್ದರಲ್ಲಿ ಏನು ಸುಳ್ಳಿತ್ತು?

ಕಾಕಾನ ಮನೆಗೆ ಹೋಗಲು ನನಗೆ ಎಂಟು ದಿನ ಧೈರ್ಯ ಬರಲಿಲ್ಲ. ಹೋದಾಗ ಅವರು ಅಂಗಳದಲ್ಲಿ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದರು. ನಾನು ಕಾಲಿಗೆ ಬಿದ್ದು ಎಲ್ಲ ಹೇಳಿದೆ. ನನ್ನ ತಪ್ಪು ಅವರಿಗೆ ಗೊತ್ತೇ ಇತ್ತು, ಆದರೂ ಪೂರ್ತಿ ಕೇಳಿಸಿಕೊಂಡರು.

“ಗೇಣು ತಪ್ಪದ ಅಂತ ಯಾಕ ಅನ್ನಲಿಲ್ರಿ ಕಾಕಾ?”

“ಅಂದಿದ್ರ ಅವರು ಟೇಪ್ ಹಚ್ಚತಿದ್ರು, ಕೇಳ್ರಿ ನಿಮ್ಮ ದನೀನೇ ಅದ ಅಂತ. ಹಚ್ಚಿದ್ರ ಮೊದಲ ಯಾರ ಹೆಸರು ಬರ್ತಿತ್ತು? ಪದ ಮಾರಿದವ ಅಂತ ನಿನ್ನ ಯಾವ ಕಟ್ಟಿ ಮ್ಯಾಲೂ ಕುಂದ್ರಸ್ತಿರಲಿಲ್ಲ. ಹೆಂಡ್ರು ಮಕ್ಕಳಿದ್ದಾವ ನೀ.” ಉಳಿಯ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. “ಅದಿರ್ಲಿ, ನಂದು ಕೊಟ್ಟು ಏನ್ ತಂದಿ? ಕೇಳಸು ನೋಡೂಣು.”

ಚಮನಸಾಬನ ಕ್ಯಾಸೆಟ್ ಹಾಕಿದೆ. ಅದು ಕೆಟ್ಟದಾಗಿದ್ದರೆ ನನಗೆ ಎಷ್ಟೋ ಸಮಾಧಾನವಿತ್ತು. ಅದು ಭಾಳ ಚಲೋ ಇತ್ತು. ಕಾಕಾ ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿ, “ನುಕ್ಸಾನ ಏನ್ ಆಗಿಲ್ಲ ತಮ್ಮಾ” ಅಂದರು. ಬಾಗಿಲಲ್ಲಿ ನಿಂತಿದ್ದ ಕರೀಮುನ್ನಿಸಾ ಕಾಕಿ ಮುಖ ತಿರುಗಿಸಿ ಒಲೆಯ ಕಡೆ ಹೋದರು.

ಮುಂದೆ ಐದು ವರ್ಷ ಕಾಕಾ ಮೇಳದ ಹಿಂದೆ ನಿಂತು ಹಲಗೆ ಬಾರಿಸಿದರು, ಮುಂದೆ ಬರಲಿಲ್ಲ. ತೊಂಬತ್ತೆರಡರಲ್ಲಿ ಒಮ್ಮೆ ಎದ್ದು ಹೊಸ ಸವಾಲು ಹಾಕಿದರು. ಮೊದಲಿನದಕ್ಕಿಂತ ಸಣ್ಣದು, ಮೊದಲಿನದಕ್ಕಿಂತ ಕಠಿಣ. ಎರಡು ಮೊಹರಂ ಕಳೆದರೂ ಯಾರಿಂದಲೂ ಆಗಲಿಲ್ಲ. ಮೊದಲ ಹಾಡು ಮತ್ತೆ ಅವರದಾಯಿತು, ಆದರೆ ಹಾಡಲು ಎದೆಯಲ್ಲಿ ಗಾಳಿ ಉಳಿದಿರಲಿಲ್ಲ. ತೊಂಬತ್ತನಾಲ್ಕರ ಮಾಘದಲ್ಲಿ ತೀರಿಕೊಂಡರು. ಹೊಸ ಸವಾಲಿನ ಜವಾಬು ಕಾಕಿಯೊಬ್ಬರ ಹತ್ತಿರ ಉಳಿಯಿತು.

ನಮ್ಮ ಬಳಗದವರು ಸುಮ್ಮನಿರುತ್ತಾರೆಯೇ? ಮಣ್ಣು ಮಾಡಿ ಬಂದ ವಾರವೇ ಮಾಸ್ತರ ಶುರು ಮಾಡಿದ: “ಕಾಕಿಗೂ ವಯಸ್ಸಾಗ್ಯಾದ. ಅಕಿ ಹೋದ್ರ ಪದಾನೂ ಹೋಗ್ತದ. ನಿನ್ನ ಮಾತು ಕೇಳ್ತಾಳ.” ನಾನು ಅವನನ್ನು ಬೈದೆ. ಬೈದು, ಮನೆಗೆ ಬಂದು, ಟೇಪಿಗೆ ಹೊಸ ಸೆಲ್ ತಂದಿಟ್ಟುಕೊಂಡೆ.

ಗಂಡ ಸತ್ತ ಹೆಣ್ಣುಮಗಳು ಹೊರಗಿನವರ ಮುಂದೆ ಬರದಿರುವ ನಾಲ್ಕು ತಿಂಗಳು ಹತ್ತು ದಿನ ಕಳೆಯಲಿ ಎಂದು ಕಾದೆ. ಅಷ್ಟು ರೀತಿ ರಿವಾಜು ನನಗೂ ಗೊತ್ತಿತ್ತು. ಹೋದ ದಿನ ಸಣ್ಣ ಟೇಪ್ ರೆಕಾರ್ಡರ್ ಚೀಲದಲ್ಲಿಟ್ಟು, ಮೇಲೊಂದು ಟಾವೆಲ್ ಹಾಕಿ, ಬಾಗಿಲ ಹೊರಗೇ ಗುಂಡಿ ಒತ್ತಿ ಒಳಗೆ ಹೋದೆ. ಕೇಳಿದರೆ ಹೇಳುವುದಿಲ್ಲವೇನೋ ಎಂಬ ಅಂಜಿಕೆ. ಮಾತಿನ ಭರದಲ್ಲಿ ಒಂದೆರಡು ನುಡಿ ಬಾಯಿಗೆ ಬಂದರೂ ಸಾಕು ಎಂಬ ದುರಾಸೆ.

ಕಾಕಿ ಚಹಾ ಕೊಟ್ಟರು. ಕಾಕಾನ ಕಡೆಯ ದಿನಗಳನ್ನು ನಿಧಾನವಾಗಿ ಹೇಳಿದರು, ಕೆಮ್ಮು, ಆಸ್ಪತ್ರೆ, ಗಂಜಿ. ನಾನು ಹೂಂ ಅನ್ನುತ್ತ ಕಿವಿಯೆಲ್ಲ ಒಂದೇ ಮಾತಿಗೆ ಇಟ್ಟಿದ್ದೆ. ಅರ್ಧ ಗಂಟೆ ಹತ್ತಿರವಾಗಿತ್ತು. ಕಾಕಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಅವರು ಒಂದ್ ಮಾತ್ ಹೇಳಿ ಹೋಗ್ಯಾರ ತಮ್ಮಾ. ಬಸವಂತ ಬಂದ್ರ ಹೊಸಾ ಜವಾಬು ಅವಗ ಹಾಡಿ ತೋರ್ಸು, ಈ ಸಲ ಅವ ಜ್ವಾಪಾನ ಇಟ್ಕೋತಾನ ಅಂದಾರ. ನನಗ ಮನಸ್ಸಿರಲಿಲ್ಲ. ಅವರ ಮಾತ್ ಮೀರಬಾರ್ದಂತ ದಿನಾ ಹಾಡಿಕೋತ ನೆನಪಿಟ್ಟೇನಿ.”

ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಕ್ಯಾಸೆಟ್ಟಿನ ಒಂದು ಬದಿ ಮುಗಿದು, ಚೀಲದೊಳಗೆ ಗುಂಡಿ ಟಕ್ ಎಂದು ಮೇಲೆ ಹಾರಿತು.

ಆ ಸಣ್ಣ ಮನೆಯಲ್ಲಿ ಅದು ಎಷ್ಟು ದೊಡ್ಡ ಸಪ್ಪಳ! ಕಾಕಿ ಚೀಲವನ್ನು ನೋಡಿದರು.

“ಅದೇನದ?”

“ಊಟದ ಡಬ್ಬಿ ರಿ ಕಾಕಿ” ಅಂದೆ. ಆ ಹೊತ್ತಿನಲ್ಲೂ ಸುಳ್ಳೇ ಬಂತು ಬಾಯಿಗೆ.

ಟೇಪಿನ ಸಪ್ಪಳ ಕಾಕಿಗೆ ಗೊತ್ತಿಲ್ಲದ್ದೇನಲ್ಲ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

“ಟೇಪ್ ತಂದೇನಿ ಕಾಕಿ ಅಂದಿದ್ರ ಹಾಡತಿದ್ದೆ” ಅಂದರು. “ಅವರು ಕೊಟ್ಟು ಹೋಗಿದ್ರು ನಿನಗ.”

ಎದ್ದು ಒಳಗೆ ಹೋದರು, ಮತ್ತೆ ಬರಲಿಲ್ಲ. ಚಹಾ ಅರ್ಧ ಉಳಿದಿತ್ತು. ಅದನ್ನು ಬಿಟ್ಟು ಎದ್ದರೆ ಅದೂ ಒಂದು ತಪ್ಪಾಗುತ್ತದೆ ಎಂದು, ಒಬ್ಬನೇ ಕೂತು ಕುಡಿದು ಮುಗಿಸಿದೆ.