ಕೆಂಪು ಪುಸ್ತಕದ ನಲವತ್ತೇಳು

ನಿಪ್ಪಾಣಿಯ ನಮ್ಮ ಚರ್ಚಿನಲ್ಲಿ ಎರಡು ಹಾಡಿನ ಪುಸ್ತಕಗಳಿವೆ. ಕೆಂಪು ರಟ್ಟಿನದು ಮರಾಠಿ, ನೀಲಿ ರಟ್ಟಿನದು ಕನ್ನಡ. ಪ್ರತಿ ಭಾನುವಾರ ಅದರಲ್ಲಿ ಎರಡು, ಇದರಲ್ಲಿ ಎರಡು ಹಾಡುತ್ತೇವೆ. ಹೊರಗಿನಿಂದ ಬಂದವರು ಯಾವ ಪುಸ್ತಕ ಎಂದು ಪಕ್ಕದವರನ್ನು ಕೇಳುತ್ತಾರೆ. ನಮ್ಮವರು ಕೇಳುವುದಿಲ್ಲ. ಕೇಳಲೇಬೇಕಾಗಿದ್ದ ಒಂದು ದಿನ ನಾನೂ ಕೇಳಲಿಲ್ಲ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ರಾಯಬಾಗದ ಕಡೆಯವನು, ಮನೆಮಾತು ಕನ್ನಡ, ಮರಾಠಿ ಎಂದರೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು. ನಿಪ್ಪಾಣಿಯಲ್ಲಿ ಮನೆ ಮಾಡಿದ ಮೊದಲ ಎರಡು ವರ್ಷ ಚರ್ಚಿನ ಕೊನೆಯ ಬೆಂಚಿನಲ್ಲಿ, ಬಾಗಿಲ ಹತ್ತಿರ ಕೂಡುತ್ತಿದ್ದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಯೋಚನೆ. ಕಣ್ಣು ತೆರೆದರೆ ಸ್ಕೂಟರಿಗೆ ಕೀಲಿ ಹಾಕಿದ್ದೇನೋ ಇಲ್ಲವೋ. ಅಲ್ಲಿ ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಅದು ನನಗೆ ಹಿತವಾಗಿದೆ ಎಂದುಕೊಂಡಿದ್ದೆ.

ಅಲ್ಲಿಂದ ನನ್ನನ್ನು ಎಬ್ಬಿಸಿದವರು ಪೇಟಿ ಬಾರಿಸುವ ಕಾಕಾ. ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಪೇಟಿ ಅನ್ನುತ್ತಾರೆ. ತಂಬಾಕಿನ ವಖಾರಿಯಲ್ಲಿ ಮುಪ್ಪಿನವರೆಗೆ ದುಡಿದವರು. ಮನೆಮಾತು ಮರಾಠಿ, ನನ್ನೊಡನೆ ಕನ್ನಡ. ಅವರ ಕೋಟು, ಅವರ ಪುಸ್ತಕ, ಕೊನೆಗೆ ಪೇಟಿಯ ಗಾಳಿ ಕೂಡ ತಂಬಾಕು ನಾರುತ್ತಿತ್ತು. ಒಂದು ಭಾನುವಾರ ನನ್ನ ಕೈ ಹಿಡಿದು ನೋಡಿದರು.

“ಬೆರಳ ಉದ್ದ ಅದಾವಲ್ಲೋ. ಬರೇ ಉಗರ ಕಚ್ಚಾಕ ಕೊಟ್ಟಾನೇನ ದೇವರು? ಬಾ ಇಲ್ಲಿ.”

ಹಾಗೆ ಶನಿವಾರ ಸಂಜೆಯ ತಾಲೀಮಿಗೆ ಹೋಗಿ ಪೇಟಿ ಕಲಿಯತೊಡಗಿದೆ. ತಡವಾದರೆ “ಎಲ್ಲಿ ಅದೀರಿ?” ಎಂದು ಹಾಡುವ ಗುಂಪಿನವರ ಫೋನು ಬರುತ್ತಿತ್ತು. ಐವತ್ತರ ಹತ್ತಿರ ಬಂದ ಮನುಷ್ಯ ಆ ಒಂದು ಫೋನಿಗಾಗಿ ಬೇಕೆಂದೇ ಐದು ನಿಮಿಷ ತಡ ಮಾಡುತ್ತಾನೆ ಎಂದರೆ ನಂಬಿ.

ಮೂರನೇ ಬೆಂಚಿನಲ್ಲಿ ಕಾಕು ಇರುತ್ತಿದ್ದರು, ಕಾಕಾನ ಹೆಂಡತಿ. ಪೇಟಿಯ ಶ್ರುತಿ ತಪ್ಪಬಹುದು, ಅವರದು ತಪ್ಪದು. ಇಡೀ ಸಭೆ ಅವರ ದನಿ ಹಿಡಿದು ನಡೆಯುತ್ತಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವನು ನಾನು.

ನಮ್ಮ ಸಭೆಯಲ್ಲೊಂದು ಪದ್ಧತಿಯಿದೆ. ತನ್ನ ಮಣ್ಣಿನ ದಿನ ಯಾವ ಹಾಡು ಬೇಕೆಂದು ಪ್ರತಿಯೊಬ್ಬರೂ ಬದುಕಿದ್ದಾಗಲೇ ಪೇಟಿಯವರಿಗೆ ಹೇಳಿಡುತ್ತಾರೆ. ಕಾಕಾ ಅದನ್ನೆಲ್ಲ ಒಂದು ಸಣ್ಣ ವಹಿಯಲ್ಲಿ ಬರೆದಿಡುತ್ತಿದ್ದರು: ಒಬ್ಬೊಬ್ಬರಿಗೆ ಒಂದು ಹಾಳೆ, ಹಾಡಿನ ನಂಬರು, ಮುಂದೆ ಪುಸ್ತಕದ ಬಣ್ಣ.

“ನನ್ನ ಹಾಳಿ ನಾ ಹೋದ ಮ್ಯಾಲ ತಗಿ,” ಎಂದಿದ್ದರು, ವಹಿಯನ್ನು ನನ್ನ ಕೈಗೆ ಕೊಡುವಾಗ. “ಈಗಽ ನೋಡಿದ್ರ ನಿನಗ ನಿದ್ದಿ ಬರೂದಿಲ್ಲ.”

ಅವರು ಹೋದ ಬೆಳಿಗ್ಗೆ ತೆಗೆದೆ. ೪೭ ಎಂದಷ್ಟೇ ಇತ್ತು. ಬಣ್ಣ ಬರೆದಿರಲಿಲ್ಲ. ಅವರ ಮಟ್ಟಿಗೆ ಪುಸ್ತಕ ಎಂದರೆ ಒಂದೇ. ನನ್ನ ಮಟ್ಟಿಗೂ ಒಂದೇ, ಆದರೆ ಬೇರೆಯದು.

ನೀಲಿ ಪುಸ್ತಕದ ನಲವತ್ತೇಳು ಮದುವೆಯ ಹಾಡು. ಮದುಮಗ ಬಂದ, ಎದುರುಗೊಳ್ಳಿರಿ ಎನ್ನುವ ಭಾವದ್ದು. ದಿನಕ್ಕೆ ಹತ್ತು ಸಲ ಗ್ಯಾಸ್ ನೋಡುವ ನಾನು ಇದನ್ನು ಮಾತ್ರ ಎರಡನೇ ಸಲ ನೋಡಲಿಲ್ಲ. ನೋಡುವುದಿರಲಿ, ಕಣ್ಣಲ್ಲಿ ನೀರು ಬಂತು. ಎಂಥ ಆಳದ ಮನುಷ್ಯ, ದೇವರ ಮನೆಗೆ ಮದುಮಗನಾಗಿ ಹೊರಟಿದ್ದಾನಲ್ಲ ಎಂದುಕೊಂಡೆ.

ಸ್ಮಶಾನದಲ್ಲಿ ಪೇಟಿಯನ್ನು ಕುರ್ಚಿಯ ಮೇಲಿಟ್ಟು, ಇದು ಕಾಕಾ ತಾವೇ ಆರಿಸಿದ ಹಾಡು ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಹಾಡಿನ ತಾಳ ಜೋರಿನದು. ಎಷ್ಟು ತಡೆದರೂ ಬೆರಳುಗಳು ಓಡಿದವು. ಜನ ಒಬ್ಬರ ಮುಖ ಒಬ್ಬರು ನೋಡಿದರು, ಪೇಟಿಯೇ ಹೇಳಿದ ಮೇಲೆ ಮುಗಿಯಿತು ಎಂದು ಹಾಡಿದರು. ಹಗ್ಗ ಹಿಡಿದು ಶವಪೆಟ್ಟಿಗೆ ಇಳಿಸುತ್ತಿದ್ದವರ ಕೈಗಳೂ ಅದೇ ತಾಳಕ್ಕೆ ಇಳಿಯುತ್ತಿದ್ದವು. ಕಾಕು ಮಾತ್ರ ತುಟಿ ಬಿಚ್ಚಲಿಲ್ಲ. ದುಃಖ ಎಂದುಕೊಂಡೆ.

ಮೂರನೇ ದಿನ, ಪೇಟಿಯನ್ನಿಡುವ ಪೆಟ್ಟಿಗೆಯಲ್ಲಿ ಕಾಕಾನ ಕೆಂಪು ಪುಸ್ತಕ ಸಿಕ್ಕಿತು. ನಲವತ್ತೇಳರ ಹತ್ತಿರ ಗುರುತಿಗೆ ಒಣ ತಂಬಾಕಿನ ಎಲೆಯ ಚೂರು. ದುಡಿದು ದಣಿದವನನ್ನು ಒಳಗೆ ಕರೆದು ಕೂರಿಸುವ ನಿಧಾನದ ಹಾಡು ಅದು. ಓದಿ ಮುಗಿಸುವಷ್ಟರಲ್ಲಿ ತಿಳಿಯಿತು, ಕಾಕಾ ಕೇಳಿದ್ದು ಇದನ್ನು.

ಮಣ್ಣಿನ ದಿನದಿಂದ ಕಾಕು ಹಾಡಲಿಲ್ಲ. ಪ್ರತಿ ಭಾನುವಾರ ಬರುತ್ತಿದ್ದರು, ಪುಸ್ತಕ ತೆರೆಯುತ್ತಿದ್ದರು, ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ಅವರಿಲ್ಲದೆ ಸಭೆಯ ಹಾಡು ಎರಡನೇ ಸಾಲಿಗೇ ಇಳಿದುಹೋಗುತ್ತಿತ್ತು. ಮದುವೆಯ ಹಾಡೋ, ನನಗೆ ಎಲ್ಲೆಂದರಲ್ಲಿ ಕೇಳತೊಡಗಿತು: ಕಬ್ಬಿನ ಟ್ರ್ಯಾಕ್ಟರಿನ ಸದ್ದಿನಲ್ಲಿ, ಶಾಲೆಯ ಗಂಟೆಯಲ್ಲಿ, ಅಡುಗೆಮನೆಯ ಮಿಕ್ಸರಿನಲ್ಲಿ. ಪೇಟಿಯ ಒಂದು ಸ್ವರ, ಮುಟ್ಟದಿದ್ದರೂ ಸಣ್ಣಗೆ ನುಡಿಯಲು ಹತ್ತಿತು. ಒಳಗೆ ಕಸ ಸಿಕ್ಕಿರಬೇಕೆಂದು ಬಿಚ್ಚಿ ನೋಡಿದೆ. ತಂಬಾಕಿನ ಪುಡಿ. ತೆಗೆಯಲು ಧೈರ್ಯ ಸಾಲದೆ ಹಾಗೇ ಮುಚ್ಚಿಟ್ಟೆ.

ನಮ್ಮ ಗುಂಪಿನಲ್ಲೊಬ್ಬ ಬಸ್ ಕಂಡಕ್ಟರ್ ಇದ್ದಾನೆ, ಅವನ ಬಾಯಿಗೆ ಬ್ರೇಕಿಲ್ಲ. “ಸರ, ನನ್ನ ಮಣ್ಣಿಗೆ ತೊಟ್ಟಿಲ ಹಾಡ ಹಚ್ಚಬ್ಯಾಡ್ರಿ ಮತ್ತ,” ಎಂದ ಒಂದು ಶನಿವಾರ. ಎಲ್ಲರಿಗೂ ತಿಳಿದಿದೆ ಎಂದು ಆಗ ಗೊತ್ತಾಯಿತು. ಆದರೆ ಕಾಕುಗೆ? ತಿಳಿದಿದ್ದರೆ ಅವರ ದನಿ ಕಸಿದವನು ನಾನು. ತಿಳಿದಿಲ್ಲದಿದ್ದರೆ ಹೇಳಬೇಕಾದವನೂ ನಾನೇ.

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕೊಗನೊಳ್ಳಿಯ ಅವರ ಮನೆಗೆ ಹೋದೆ. ಹಾದಿಯಲ್ಲಿ ಎರಡು ಸಲ ತಿರುಗಿ ಹೋಗಬೇಕೆನಿಸಿತು. ಒಂದು ಸಲ ತಿರುಗಿದೆ ಕೂಡ. ಕಾಕು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

“ಕಾಕು, ಅವತ್ತಿನ ಹಾಡ ತಪ್ಪಾತ್ರಿ. ಕಾಕಾ ಹೇಳಿದ್ದು ಕೆಂಪು ಪುಸ್ತಕದ್ದರಿ.”

“ಇದನ್ನ ಹೇಳಾಕ ಎಂಟ ತಿಂಗಳ ಬೇಕಾತೇನ ನಿನಗ?”

“ಗೊತ್ತಿತ್ತೇನ್ರಿ?”

“ಕೆಂಪು ಪುಸ್ತಕ ತಗದ ಹಿಡಕೊಂಡಽ ನಿಂತಿದ್ನಿ. ನೀ ನೋಡಿದ್ರ ಪುಢಾರಿ ಹಂಗ ಭಾಷಣಾ ಹೊಡಿಯಾಕತ್ತಿದ್ದಿ. ಅಷ್ಟ ಮಂದಿ ಮುಂದ ನಿನ್ನ ಹೆಂಗ ತಡೀಲಿ?”

“ಅದಕ್ಕಽ ನನ್ನ ಮ್ಯಾಲ ಸಿಟ್ಟಾಗಿ ಹಾಡೂದ ಬಿಟ್ರೇನ್ರಿ?”

“ಸಿಟ್ಟ ಬಂದಿತ್ತು, ಹೋತು.” ಅವರು ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು. “ಬಾಯಿ ತಗದ್ರ ಅದಽ ಮದುವಿ ಹಾಡ ಬರತೈತೋ. ಭಾಂಡಿ ತಿಕ್ಕೂಮುಂದೂ ಅದಽ. ಚರ್ಚಿನ್ಯಾಗ ಬಂದ್ರ ಏನ ಮಾಡ್ಲಿ ಅಂತ ಬಾಯಿ ಮುಚಗೊಂಡ ನಿಂದರತೇನಿ.”

“ನನಗೂ ಹಂಗಽ ಆಗೇತ್ರಿ,” ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಒಂದೇ ದೆವ್ವ ಇಬ್ಬರ ಮನೆಗೂ ಬಂದು ಹೋಗುತ್ತಿದೆ ಎಂದು ತಿಳಿದರೆ ಹೆದರಿಕೆ ಹೆಚ್ಚಬೇಕು. ನನಗೆ ಕಡಿಮೆಯಾಯಿತು.

“ಹಿಡಿ, ಅವರ ಹಾಡ ಹಿಡಿ,” ಎಂದರು. “ಭಾಳ ಮ್ಯಾಲ ಹಿಡಿಬ್ಯಾಡ. ಅವರಿಗೆ ತಗ್ಗಿನ ದನಿ ಒಪ್ಪತಿತ್ತು.”

ಪೇಟಿಯಿಲ್ಲದೆ ಹಾಡಿದೆವು. ನನ್ನ ಸಂತೆಯ ಮರಾಠಿ ಎರಡು ಕಡೆ ಎಡವಿತು. ಅವರು ನಿಲ್ಲಿಸಿ ತಿದ್ದಿದರು, ಮತ್ತೆ ಮೊದಲಿನಿಂದ ಹಾಡಿಸಿದರು. ಮೂರನೇ ನುಡಿಯಲ್ಲಿ ಅವರ ದನಿ ಒಡೆಯಿತು. ಒಡೆದ ದನಿಯಲ್ಲೇ ಮುಗಿಸಿದರು.

ಮುಂದಿನ ಭಾನುವಾರ ಪೇಟಿಯ ಮುಂದೆ ಕುಳಿತು “ಕೆಂಪು ಪುಸ್ತಕ, ನಲವತ್ತೇಳು” ಎಂದೆ. ಸಾಲದೆನಿಸಿ ಮತ್ತೆರಡು ಸಲ ಕೆಂಪು, ಕೆಂಪು ಎಂದೆ. ಕಂಡಕ್ಟರ್ ಕೆಮ್ಮಿದ. ಮೂರನೇ ಬೆಂಚಿನಿಂದ ದನಿ ಎದ್ದಿತು, ಮೊದಲಿನಷ್ಟು ನೆಟ್ಟಗಿಲ್ಲ, ಅಂಚಿನಲ್ಲಿ ಸ್ವಲ್ಪ ಸೀಳಿತ್ತು. ಸಭೆ ಅದನ್ನೇ ಹಿಡಿದು ನಡೆಯಿತು. ನಾನೂ.

ಆರಾಧನೆ ಮುಗಿದ ಮೇಲೆ ಕಾಕು ಪೇಟಿಯ ಹತ್ತಿರ ಬಂದು ವಹಿ ತಿರುವಿದರು. ನನ್ನ ಹಾಳೆ ಖಾಲಿಯಿತ್ತು.

“ನಿಂದೂ ಬರಿ. ಬಣ್ಣಾನೂ ಬರಿ.”

ನೀಲಿ ಎಂದು ಬರೆದಿದ್ದೇನೆ. ನಂಬರು ಇನ್ನೂ ಬರೆದಿಲ್ಲ. ಪೆನ್ನು ಹಿಡಿದಾಗಲೆಲ್ಲ ಆ ಮದುವೆಯ ಹಾಡೇ ಮೊದಲು ಬರುತ್ತದೆ. ಅದು ಬಿಟ್ಟು ಬೇರೆ ಯಾವುದು ಎಂದು ಯೋಚಿಸುತ್ತ ಪೇಟಿಗೆ ಗಾಳಿ ಕೊಡುತ್ತೇನೆ, ಮುಟ್ಟದ ಆ ಒಂದು ಸ್ವರ ಸಣ್ಣಗೆ ನುಡಿಯುತ್ತದೆ.