ಬಿಚ್ಚಿಸಿದ ಜಡೆ, ತೆಗೆಯದ ಟೋಪಿ

ಕಳೆದ ಭಾನುವಾರ ಬನಹಟ್ಟಿಯಲ್ಲಿ, ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ, ಹೆಣ್ಣು ನೋಡಲು ಬಂದವರು ಎಲ್ಲರ ಎದುರಿಗೆ ಅಕ್ಕನ ಮಗಳ ಜಡೆ ಬಿಚ್ಚಿಸಿದರು. ಹೌದ್ರೀ, ಈ ಕಾಲದಲ್ಲೇ! ಬಂದವರ ಕೈಯಲ್ಲಿ ಮೊಬೈಲ್ ಇತ್ತು, ತಲೆಯಲ್ಲಿ ಮಾತ್ರ ಮುತ್ತಜ್ಜಿಯ ಕಾಲ.

ಹುಡುಗಿಯ ಹೆಸರು ಗಿರಿಜಾ. ಜಮಖಂಡಿಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ಮಳೆಗಾಲದಲ್ಲಿ ಟೈಫಾಯಿಡ್ ಆಗಿ ಮಲಗಿದಳು. ಜ್ವರ ಬಿಟ್ಟಿತು, ಆಮೇಲೆ ಕೂದಲು ಉದುರತೊಡಗಿತು. ಬಾಚಣಿಕೆ ಹಾಕಿದರೆ ಮುಷ್ಟಿ ತುಂಬ ಬರುತ್ತಿತ್ತು. "ಮದವಿ ವಯಸ್ಸಿನ ಹುಡುಗಿ, ತಲಿ ಹಿಂಗಾದ್ರ ಯಾರ ಮಾಡ್ಕೋತಾರ?" ಎಂದು ಅಕ್ಕ ಬೆಳಗಾದರೆ ಶುರು. (ಹುಡುಗಿ ಸಾವಿನ ಬಾಗಿಲಿಗೆ ಹೋಗಿ ಬಂದಳಲ್ಲ, ಅದು ಲೆಕ್ಕಕ್ಕಿಲ್ಲ.)

ಆಗ ಮುಧೋಳದಲ್ಲಿ ಒಂದು ಕ್ಲಿನಿಕ್ಕಿನ ಬೋರ್ಡು ಕಣ್ಣಿಗೆ ಬಿತ್ತು. ಲೇಸರ್ ಬೆಳಕಿನಿಂದ ಕೂದಲು! ತಲೆಗೆ ಹೆಲ್ಮೆಟ್ಟಿನಂಥದ್ದು ಇಟ್ಟು ಕೂರಿಸುತ್ತಾರೆ. ಒಳಗೆ ಕೆಂಪು ಬೆಳಕು. ನೋವಿಲ್ಲ, ಉರಿಯಿಲ್ಲ. ತಿಂಗಳುಗಟ್ಟಲೆ ಹೋಗಬೇಕು. ಕೆಲವರಿಗೆ ಸ್ವಲ್ಪ ಗುಣ ಕಾಣುತ್ತದಂತೆ, ಕೆಲವರಿಗೆ ಇಲ್ಲ. ಜ್ವರಕ್ಕೆ ಉದುರಿದ ಕೂದಲು ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ ಎಂದು ನಮ್ಮ ಡಾಕ್ಟರು ಆಮೇಲೆ ಹೇಳಿದರು. ಅಷ್ಟು ದೊಡ್ಡ ಬೋರ್ಡಿನಲ್ಲಿ ಇದೊಂದು ಮಾತು ಬರೆಯಲು ಜಾಗ ಇರಲಿಲ್ಲವೇ?

ಇರಲಿ. ಗಿರಿಜಾ ಹೋಗಿಬರುತ್ತಿದ್ದಳು. ಅಲ್ಲಿ ಪಕ್ಕದ ಕುರ್ಚಿಯಲ್ಲಿ, ಇನ್ನೊಂದು ಹೆಲ್ಮೆಟ್ಟಿನ ಕೆಳಗೆ ಒಬ್ಬ ತರುಣ. ನಡುನೆತ್ತಿ ಬೋಳು. ಒಮ್ಮೆ ಅರ್ಧಕ್ಕೇ ಕರೆಂಟ್ ಹೋಯಿತು. ಹೆಲ್ಮೆಟ್ ಹೊತ್ತು ಸುಮ್ಮನೆ ಕೂತಿದ್ದ ಇಬ್ಬರಿಗೂ ನಗು ತಡೆಯಲಾಗಲಿಲ್ಲವಂತೆ. ಆಮೇಲೆ ಮಾತು ಬೆಳೆಯಿತು. "ನಾ ಇಲ್ಲಿ ಬರೋದು ಯಾರಿಗೂ ಗೊತ್ತಿಲ್ರಿ, ನೀವೂ ಹೇಳಬ್ಯಾಡ್ರಿ," ಎಂದನಂತೆ. ಇವಳು ತನ್ನ ಜ್ವರದ ಕತೆ ಹೇಳಿದಳಂತೆ. "ಛಲೋ ಮನಶಾ ಅದಾರ ಚಿಗವ್ವಾ," ಎಂದು ನನ್ನ ಮುಂದೆ ಹೇಳಿದ್ದಳು. ಹೆಸರು, ಊರು ಮಾತ್ರ ಇಬ್ಬರೂ ಕೇಳಿಕೊಂಡಿರಲಿಲ್ಲ.

ಭಾನುವಾರ ಹೆಣ್ಣು ನೋಡಲು ಮಹಾಲಿಂಗಪುರದಿಂದ ಬಂದರಲ್ಲ, ಆ ವರ ಅವನೇ!

ಅಡುಗೆಮನೆಯ ಬಾಗಿಲಿನಿಂದ ಇಣುಕಿದ ಗಿರಿಜಾಳ ಮುಖ ಅರಳಿತು. "ಚಿಗವ್ವಾ, ಇವರ ಅವರು! ಇನ್ನ ಮುಚ್ಚಿಡೋದು ಏನೂ ಇಲ್ಲ, ಅವರಿಗೆ ಎಲ್ಲಾ ಗೊತ್ತೈತಿ." "ಬ್ಯಾಡ ಬೇ ಯವ್ವಾ" ಎಂದರೂ ಕೇಳದೆ ಅಕ್ಕ ಬೆಳಿಗ್ಗೆ ಅವಳ ಜಡೆಗೆ ಅಂಗಡಿಯ ಚೌರಿಗೂದಲು ಸೇರಿಸಿ ಹೆಣೆದಿದ್ದಳು. ಅದರ ಚಿಂತೆಯೂ ಹೋಯಿತು ಗಿರಿಜಾಳಿಗೆ.

ವರನ ತಲೆಯ ಮೇಲೆ ಕ್ರಿಕೆಟ್ ಟೋಪಿ. ನಾವು ಕೇಳುವ ಮೊದಲೇ ಅವನ ಸೋದರತ್ತೆ, "ಬೈಕ್ ಮ್ಯಾಲ ಬಂದಾನ್ರಿ, ಗಾಳಿಗೆ ತಲಿ ಹಿಡದೈತಿ," ಎಂದರು. (ನಮ್ಮ ಅಜ್ಜಂದಿರಿಗೆ ತಲೆಗೆ ಸುತ್ತುವ ಪಟಕಾ ಇತ್ತು. ಒಳಗಿನ ಸಂಗತಿ ಹೆಂಡತಿಗಷ್ಟೇ ಗೊತ್ತಿರುತ್ತಿತ್ತು.)

ಗಿರಿಜಾ ಚಹಾ ತಂದಳು. ವರ ಅವಳನ್ನು ನೋಡಿ ಬೆಚ್ಚಿದ, ತಟ್ಟನೆ ಶಿರಾದ ತಾಟಿನ ಕಡೆ ತಿರುಗಿದ. ಉಪ್ಪಿಟ್ಟು, ಶಿರಾ, ಹೆಸರು, ಓದು ಎಲ್ಲ ಮುಗಿದ ಮೇಲೆ ಆ ಅತ್ತೆ ಬಾಯಿ ತೆಗೆದರು.

"ಜಡಿ ಒಂಚೂರು ಬಿಚ್ಚವಾ ತಂಗಿ. ಈಗಿನ ಕಾಲದಾಗ ಏನೂ ನಂಬಾಕ ಆಗಂಗಿಲ್ಲ."

ಬಿಚ್ಚಲಿ ಎಂದು ಕಾಯಲೂ ಇಲ್ಲ. ಎದ್ದು ಬಂದು ತಾವೇ ಕೈ ಹಾಕಿದರು. ಚೌರಿ ಕೈಗೆ ಬಂತು. ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಏನಬೇ ಇದು? ಕುದರಿ ಬಾಲ ಕಟ್ಟಿ ಕುಂದರಿಸೀರಿ?" ಎಂದರು.

ಅಕ್ಕ ಅಳುತ್ತ ಜ್ವರದ ಸಂಗತಿ ಹೇಳತೊಡಗಿದಳು. ಯಾರು ಕೇಳುತ್ತಾರೆ? ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ನನ್ನ ಕೈ ಹಿಡಿದಳು. "ತಡಿ ಚಿಗವ್ವಾ."

ಅವಳು ಅವನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. 'ಜ್ವರ ಬಂದಿತ್ತು ಅವರಿಗೆ, ನನಗ ಗೊತ್ತೈತಿ.' ಇಷ್ಟೇ. ತನ್ನ ಟೋಪಿ ತೆಗೆಯುವುದೂ ಬೇಡವಾಗಿತ್ತು.

ಪುಣ್ಯಾತ್ಮ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ. ಇನ್ನೊಂದು ಚಮಚ ಶಿರಾ ಬಾಯಿಗಿಟ್ಟುಕೊಂಡ.

ಅಲ್ರೀ, ಹೆಣ್ಣಿನ ಕೂದಲು ಎಳೆದು ನೋಡಬಹುದು, ಗಂಡಿನ ಟೋಪಿ ಮುಟ್ಟಬಾರದು! ಇದನ್ನು ಯಾವ ದೇವರು ಬರೆದಿಟ್ಟ? ಅವನ ಬೋಳು ಅವನ ಅತ್ತೆಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅದಕ್ಕೇ ಗಾಳಿಯ ಮೇಲೆ ಹಾಕಿದ್ದು. ಬೋಳು ತಪ್ಪಲ್ಲ. ಚೌರಿಯೂ ತಪ್ಪಲ್ಲ. ಒಂದೇ ಬೆಳಕಿನ ಕೆಳಗೆ ಜೊತೆಗೆ ಕೂತು ನಕ್ಕವಳನ್ನು ಮಂದಿಯ ನಡುವೆ ಒಂಟಿಯಾಗಿ ಬಿಟ್ಟನಲ್ಲ, ಅದನ್ನು ನುಂಗಿಕೊಳ್ಳಲು ನನ್ನಿಂದಾಗುತ್ತಿಲ್ಲ.

ಬುಧವಾರ ಬೆಳಿಗ್ಗೆ ಮಧ್ಯಸ್ಥರ ಫೋನ್ ಬಂತು. "ಹುಡುಗಗ ಒಪ್ಪಿಗಿ ಐತ್ರಿ! ಆದ್ರ ಟ್ರೀಟ್‌ಮೆಂಟ್ ಬಿಡಬ್ಯಾಡ್ರಿ ಅಂದಾರ. ಕೂದಲ ಬಂದ ಮ್ಯಾಲ ಮುಹೂರ್ತ ಇಡೋಣಂತ."

ಅಕ್ಕ ದೇವರಿಗೆ ಕೈ ಮುಗಿದಳು. ಚೌರಿ ಇಲ್ಲದ ಮೋಟು ಜಡೆಯಲ್ಲಿ ಕೆಲಸಕ್ಕೆ ಹೊರಟಿದ್ದ ಗಿರಿಜಾ ಫೋನ್ ಇಸಿದುಕೊಂಡಳು.

"ಕಾಕಾರ, ನಂದೂ ಒಂದ ಮಾತು ಮುಟ್ಟಸ್ರಿ. ಅವರಿಗೆ ಬಾಯಿ ಬಂದ ಮ್ಯಾಲ ಹೆಣ್ಣು ನೋಡಾಕ ಹೋಗ್ರಿ ಅಂತ ಹೇಳ್ರಿ."

ಬೆಳಕಿನ ಡಾಕ್ಟರೇ, ಬಾಯಿ ಬರಿಸುವ ಹೆಲ್ಮೆಟ್ ಏನಾದರೂ ಇದೆಯೇ ನಿಮ್ಮ ಕ್ಲಿನಿಕ್ಕಿನಲ್ಲಿ?